3306ನೇ ಬಾಗಿಲು: ವಿಜಯಪುರದ ಒಂದು ಮಣೂಕ ಕೋಲ್ಡ್ ಸ್ಟೋರೇಜಿನ ಪ್ರಕರಣ

ಏಪ್ರಿಲ್ 14, ಬೆಳಿಗ್ಗೆ ಏಳೂವರೆ. ವಿಜಯಪುರದ ಹೊರಗಿರುವ ಒಂದು ಕೋಲ್ಡ್ ಸ್ಟೋರೇಜಿನ ಮ್ಯಾನೇಜರ್ ಫೋನ್ ಮಾಡಿದರು. "ಸರ್ರ, ಕಂಪ್ಯೂಟರಿನ್ಯಾಗ ರೈತರ ಹೆಸರು ಒಂದೂ ಕಾಣವಲ್ದ್ರಿ. ಗೇಟಿನ ಮುಂದ ಎರಡು ಟ್ರ್ಯಾಕ್ಟರ್ ನಿಂತಾವು. ಏನ್ ಮಾಡೂಣು?"

ಆ ಸಂಸ್ಥೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಆದರೆ ಅಲ್ಲಿ ಏನಿತ್ತು ಅನ್ನೋದನ್ನು ಹೇಳಲೇಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತಿಕೋಟಾ, ಬಬಲೇಶ್ವರ ಕಡೆಯ ತೋಟಗಳ ದ್ರಾಕ್ಷಿ ಶೆಡ್‌ಗಳಲ್ಲಿ ಒಣಗಿ ಮಣೂಕ ಆಗುತ್ತದೆ. 15 ಕಿಲೋ ಬಾಕ್ಸ್‌ಗಳಲ್ಲಿ ತುಂಬಿ ಕೋಲ್ಡ್ ಸ್ಟೋರೇಜಿಗೆ ತರುತ್ತಾರೆ. ತಂಪಿನಲ್ಲಿಟ್ಟರೆ ಹಸಿರು ಬಣ್ಣ ಉಳಿಯುತ್ತದೆ, ಬಣ್ಣ ಉಳಿದರೆ ರೇಟು ಉಳಿಯುತ್ತದೆ. ಮುಂದೆ ಒಳ್ಳೆ ರೇಟು ಬಂದಾಗ ವಿಜಯಪುರದ ಎಪಿಎಂಸಿಗೋ, ತಾಸಗಾಂವ್‌ಗೋ, ಸಾಂಗ್ಲಿಗೋ ಹೋಗುತ್ತದೆ. ಅಲ್ಲಿವರೆಗೆ ರೈತನ ಕೈಯಲ್ಲಿರೋದು ಒಂದು ಪಾವತಿ (ರಸೀದಿ) ಮಾತ್ರ: ಲಾಟ್ ನಂಬರ್, ಬಾಕ್ಸ್ ಎಷ್ಟು, ಯಾವ ಚೇಂಬರ್. ಅದೇ ಪಾವತಿ ತೋರಿಸಿ ಬ್ಯಾಂಕಿನಲ್ಲಿ ಸಾಲ ತೆಗೆದವರೂ ಇರುತ್ತಾರೆ. ಅಂದರೆ ಆ ಡೇಟಾಬೇಸಿನಲ್ಲಿ ಇದ್ದದ್ದು ಆರುನೂರಕ್ಕೂ ಜಾಸ್ತಿ ಮನೆಗಳ ಒಂದು ವರ್ಷದ ದುಡಿಮೆ.

ನಾನು ಸರ್ವರಿಗೆ ಲಾಗಿನ್ ಆದೆ. ಡೇಟಾಬೇಸ್ ಇತ್ತು, ಒಳಗಿದ್ದ ಟೇಬಲ್‌ಗಳು ಒಂದೂ ಇರಲಿಲ್ಲ. ಅವುಗಳ ಜಾಗದಲ್ಲಿ ಒಂದೇ ಒಂದು ಹೊಸ ಟೇಬಲ್. ಅದರಲ್ಲಿ ಒಂದೇ ಸಾಲು, ಇಂಗ್ಲಿಷಿನಲ್ಲಿ: ನಿಮ್ಮ ಡೇಟಾ ನಮ್ಮ ಹತ್ತಿರ ಇದೆ, ಈ ವಿಳಾಸಕ್ಕೆ ಬಿಟ್‌ಕಾಯಿನ್ ಕಳಿಸಿ, ಇಲ್ಲದಿದ್ದರೆ ಮಾರುತ್ತೇವೆ.

ಬಾಗಿಲು ತೆರೆದದ್ದು ಯಾಕೆ

ಇದರ ಹಿಂದೆ ಯಾವನೋ ಒಬ್ಬ ಕೂತು ಈ ಕೋಲ್ಡ್ ಸ್ಟೋರೇಜನ್ನೇ ಗುರಿ ಮಾಡಿರಲಿಲ್ಲ. ಇಂಥ ದಾಳಿ ಮಾಡೋದು ತಾನೇ ಓಡುವ ಪ್ರೋಗ್ರಾಂ. ಇಂಟರ್ನೆಟ್ಟಿನಲ್ಲಿ ಯಂತ್ರಗಳಿಗೆ ಕೊಡುವ ಐಪಿ ವಿಳಾಸಗಳ ಹಳೇ ಪದ್ಧತಿ ಐಪಿವಿ4ನಲ್ಲಿ ಇರೋದು ಸುಮಾರು 429 ಕೋಟಿ ವಿಳಾಸ. ಒಂದು ಗಿಗಾಬಿಟ್ ಲೈನ್ ಇದ್ದರೆ ಅಷ್ಟೂ ವಿಳಾಸಗಳ ಒಂದು ಪೋರ್ಟನ್ನು, ಅಂದರೆ ಯಂತ್ರದೊಳಗೆ ಹೋಗುವ ನಂಬರ್ ಹಾಕಿದ ಒಂದು ಬಾಗಿಲನ್ನು, ಒಂದು ತಾಸಿನೊಳಗೆ ತಟ್ಟಿ ನೋಡಬಹುದು. ಜೀಮ್ಯಾಪ್ ಅನ್ನೋ ಟೂಲ್ ಇದನ್ನು 2013ರಲ್ಲೇ ಮಾಡಿ ತೋರಿಸಿತ್ತು. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಹೀಗೇ ಅಳಿಸಿ ದುಡ್ಡು ಕೇಳಿದ್ದರು. ಮುಂದಿನ ತಿಂಗಳೇ, ಈ ಕೋಲ್ಡ್ ಸ್ಟೋರೇಜಿನಲ್ಲೂ ಇದ್ದ ಮೈಎಸ್‌ಕ್ಯುಎಲ್ ಡೇಟಾಬೇಸ್‌ಗಳಿಗೂ ಅದೇ ಗತಿ ಬಂತು. ಮೈಎಸ್‌ಕ್ಯುಎಲ್ ಕೂತಿರೋ ಪೋರ್ಟ್ 3306. ಅದು ಹೊರಗೆ ಕಂಡರೆ ಸಾಕು, ತಟ್ಟೋರು ಬಂದೇ ಬರುತ್ತಾರೆ.

ಹಾಗಾದರೆ 3306 ಹೊರಗೆ ಯಾಕೆ ಕಾಣ್ತಿತ್ತು? ಸೈಟ್ ಕಟ್ಟಿದ ಹುಡುಗನನ್ನು ಕೇಳಿದೆ. ಇದೇ ಊರಿನವನು, ಕೆಲಸ ಗೊತ್ತಿರುವವನು. ಅವತ್ತು ಅವನ ದನಿಯೇ ಹೊರಡುತ್ತಿರಲಿಲ್ಲ. ಅವನು ಹೇಳಿದ್ದನ್ನು ಪೂರ್ತಿ ಬರೆಯುತ್ತೇನೆ, ಯಾಕಂದರೆ ಇಡೀ ಪ್ರಕರಣದ ಬೇರು ಇಲ್ಲೇ ಇದೆ.

ಸರ್ವರ್ ಇದ್ದದ್ದು ಮುಂಬೈ ಡೇಟಾ ಸೆಂಟರಿನಲ್ಲಿ. ಒಂದೇ ಉಬುಂಟು (ಲಿನಕ್ಸ್) ಯಂತ್ರ, ಅದರಲ್ಲೇ ಸೈಟಿನ ಪುಟ ಕಳಿಸುವ ಎಂಜಿನ್‌ಎಕ್ಸ್, ಲಾರಾವೆಲ್‌ನಲ್ಲಿ ಬರೆದ ಸೈಟ್, ಮೈಎಸ್‌ಕ್ಯುಎಲ್ 8.0. ಆಫೀಸಿನಲ್ಲಿ ಲೆಕ್ಕ ನೋಡುವ ಅಕ್ಕಾರು ದಿನಾ ಸಂಜೆ ಎಕ್ಸೆಲ್‌ನಿಂದ ನೇರವಾಗಿ ಡೇಟಾಬೇಸಿಗೆ ಹೋಗಿ ಸ್ಟಾಕ್ ರಿಪೋರ್ಟ್ ಎಳೆಯಬೇಕಿತ್ತು. ಬ್ಯಾಂಕಿನವರು ಅದನ್ನೇ ಕೇಳುತ್ತಿದ್ದರು. ಅದಕ್ಕಾಗಿ ಹುಡುಗ 3306 ತೆರೆದ, ಆದರೆ ಯಾರನ್ನು ಒಳಗೆ ಬಿಡಬೇಕು ಅಂತ ನೋಡುವ ಕ್ಲೌಡ್ ಫೈರ್‌ವಾಲ್‌ನಲ್ಲಿ ಆಫೀಸಿನ ಐಪಿಗೆ ಮಾತ್ರ ಬಿಟ್ಟ. ರಿಪೋರ್ಟ್ ಖಾತೆಯನ್ನೂ ಅದೇ ಐಪಿಗೆ ಕಟ್ಟಿಹಾಕಿದ್ದ. ಅಲ್ಲಿಗೆ ಅವನು ಮಾಡಿದ್ದು ಸರಿಯಾಗೇ ಇತ್ತು.

ತೊಂದರೆ ಕೊಟ್ಟಿದ್ದು ಕರೆಂಟ್. ಆಫೀಸಿನ ಬ್ರಾಡ್‌ಬ್ಯಾಂಡ್‌ಗೆ ಸ್ಥಿರ ಐಪಿ ಇರಲಿಲ್ಲ. ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗೆಲ್ಲ ರೂಟರ್ ಮತ್ತೆ ಚಾಲೂ ಆಗಿ ಹೊಸ ಐಪಿ ತಗೊಳ್ತಿತ್ತು. ರಿಪೋರ್ಟ್ ನಿಲ್ತಿತ್ತು. ಅಕ್ಕಾರು ಫೋನ್ ಮಾಡ್ತಿದ್ದರು, ಹುಡುಗ ಎರಡು ಕಡೆ ಐಪಿ ತಿದ್ದುತ್ತಿದ್ದ. ವಾರಕ್ಕೆ ಮೂರು ಸಲ, ನಾಲ್ಕು ಸಲ. ಏಪ್ರಿಲ್ 1ರಂದು, ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ, ಮತ್ತೆ ರಿಪೋರ್ಟ್ ನಿಂತಿತು. ಹುಡುಗ ಇಂಡಿ ಪಟ್ಟಣದಲ್ಲಿ ಮದುವೆಗೆ ಹೋಗಿದ್ದ. ಮಂಟಪದ ಹಿಂದೆ ನಿಂತು ಮೊಬೈಲಿನಲ್ಲೇ ಫೈರ್‌ವಾಲ್ ಸೆಟ್ಟಿಂಗ್ ತೆರೆದು 0.0.0.0/0 ಅಂತ ಹಾಕಿದ. ಅಂದರೆ ಜಗತ್ತಿನ ಯಾವ ಮೂಲೆಯಿಂದಲಾದರೂ ಬರಬಹುದು. ರಿಪೋರ್ಟ್ ಖಾತೆ ಹಳೇ ಐಪಿಗೆ ಕಟ್ಟಿದ್ದರಿಂದ ಅದು ಆಗಲೂ ಬರಲಿಲ್ಲ. ಕೊನೆಗೆ ಎಲ್ಲಿಂದಲೂ ಒಳಗೆ ಬರಬಲ್ಲ ಒಂದು ರೂಟ್ ಖಾತೆ, ಅಂದರೆ ಎಲ್ಲ ಅಧಿಕಾರ ಇರುವ ಖಾತೆ, ಮಾಡಿದ. ಪಾಸ್‌ವರ್ಡ್: ಅಡ್ಮಿನ್, ಒಂದು ಅಟ್ ಚಿಹ್ನೆ, 123.

"ಸಂಜಿಗೆ ತೆಗೀತೀನಿ ಅಂತ ಅನ್ಕೊಂಡಿದ್ದೆ, ಅಣ್ಣಾರ," ಅಂದ.

ಸಂಜೆ ಮರೆತ. ಮರುದಿನದಿಂದ ರಿಪೋರ್ಟ್ ನಿಲ್ಲಲಿಲ್ಲ, ಅಕ್ಕಾರ ಫೋನೂ ಬರಲಿಲ್ಲ. ಎಲ್ಲ ಚೆನ್ನಾಗಿ ನಡೆಯುತ್ತಿರುವಾಗ ಯಾರು ಹೋಗಿ ಫೈರ್‌ವಾಲ್ ನೋಡುತ್ತಾರೆ? ಆ ಪಾಸ್‌ವರ್ಡಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ಅಂಕಿ, ಚಿಹ್ನೆ ಎಲ್ಲ ಇವೆ. ಮೈಎಸ್‌ಕ್ಯುಎಲ್‌ನ ಪಾಸ್‌ವರ್ಡ್ ಪರೀಕ್ಷೆಯ ಮಧ್ಯಮ ಹಂತದಲ್ಲಿ ಅದು ಪಾಸಾಗುತ್ತದೆ. ಆದರೆ ಊಹಿಸುವ ಪ್ರೋಗ್ರಾಂಗಳ ಪಟ್ಟಿಯಲ್ಲಿ ಅದು ಮೊದಲ ಪುಟದಲ್ಲೇ ಇರುತ್ತದೆ.

ಹುಡುಗನ ಮೇಲೆ ತಪ್ಪು ಹೊರಿಸಿ ಫೈಲ್ ಮುಚ್ಚೋದು ಸುಲಭ. ನನಗೆ ಹಾಗೆ ಅನಿಸಲಿಲ್ಲ. ಅಕ್ಕಾರಿಗೆ ದಿನಾ ಸಂಜೆ ಡೇಟಾ ಬೇಕಿತ್ತು, ಆ ಅಗತ್ಯ ನಿಜ. ಅದಕ್ಕೆ ಒಂದು ಗಟ್ಟಿ ದಾರಿ ಯಾರೂ ಮಾಡಿಕೊಟ್ಟಿರಲಿಲ್ಲ. ನಾನು ಅವತ್ತು ಸುಮ್ನೆ 3306 ಮುಚ್ಚಿ ಬಂದಿದ್ದರೆ, ಮುಂದಿನ ಮಾರ್ಚಿನಲ್ಲಿ ಬೇರೆ ಯಾರೋ ಅದನ್ನು ಮತ್ತೆ ತೆರೆಯುತ್ತಿದ್ದರು.

ಮೊದಲ ನಾಲ್ಕು ತಾಸು

ಫೈರ್‌ವಾಲ್‌ನಲ್ಲಿ 3306 ಮುಚ್ಚಿದೆ. ಸರ್ವರ್ ರೀಸ್ಟಾರ್ಟ್ ಮಾಡಲಿಲ್ಲ. ಇಡೀ ಡಿಸ್ಕಿನ ಸ್ನ್ಯಾಪ್‌ಶಾಟ್, ಅಂದರೆ ಇದ್ದ ಹಾಗೇ ಒಂದು ನಕಲು, ತೆಗೆದೆ. ಆಮೇಲೆ ಬೈನರಿ ಲಾಗ್ ಫೈಲ್‌ಗಳನ್ನು ಬೇರೆ ಯಂತ್ರಕ್ಕೆ ಕಾಪಿ ಮಾಡಿದೆ. ಅದು ಯಾಕೆ ಮುಖ್ಯ ಅನ್ನೋದು ಮುಂದೆ ಬರುತ್ತದೆ.

ಗೇಟಿನಲ್ಲಿ ಟ್ರ್ಯಾಕ್ಟರ್ ನಿಂತಿದ್ದವಲ್ಲ, ಅವರನ್ನು ವಾಪಸ್ ಕಳಿಸುವ ಹಾಗಿಲ್ಲ. ಬಿಸಿಲು ಏರಿದರೆ ಮಾಲು ಕೆಡುತ್ತದೆ. ಕಾರ್ಬನ್ ಇಟ್ಟು ಕೈಬರಹದ ಪಾವತಿ ಕೊಡಿ ಅಂದೆ. ಲಾಟ್ ನಂಬರ್ ಮಾತ್ರ 9000ದಿಂದ ಶುರು ಮಾಡಿ ಅಂದೆ, ಹಳೇ ಲೆಕ್ಕ ವಾಪಸ್ ಬಂದ ಮೇಲೆ ಎರಡು ಲಾಟಿಗೆ ಒಂದೇ ನಂಬರ್ ಆಗಬಾರದು ಅಂತ. ಅವತ್ತು ಅಂಬೇಡ್ಕರ್ ಜಯಂತಿ, ಬ್ಯಾಂಕಿಗೆ ರಜೆ. ಹಣ ಕೊಡೋದು, ತಗೊಳ್ಳೋದು ಇರಲಿಲ್ಲ. ಅಷ್ಟು ಪುಣ್ಯ.

ಮಾಲಕರು ಕೇಳಿದ ಮೊದಲ ಪ್ರಶ್ನೆ: "ರೊಕ್ಕ ಕೊಟ್ಟು ಬಿಡಿಸ್ಕೊಂಡ್ರ ಆಗೂದಿಲ್ಲೇನ್ರಿ?" ನಾನು ಕ್ಲೌಡಿನ ನೆಟ್‌ವರ್ಕ್ ಗ್ರಾಫ್ ತೆಗೆದು ತೋರಿಸಿದೆ. ಡೇಟಾಬೇಸ್ ಇದ್ದದ್ದು 300 ಎಂಬಿಗಿಂತ ಜಾಸ್ತಿ. ಟೇಬಲ್ ಅಳಿಸಿದ ಹೊತ್ತಿನಲ್ಲಿ ಸರ್ವರಿನಿಂದ ಹೊರಗೆ ಹೋಗಿದ್ದು ಎರಡು ಎಂಬಿ ಹತ್ತಿರ. ಪೂರ್ತಿ ಡೇಟಾ ಅವರ ಹತ್ತಿರ ಇಲ್ಲವೇ ಇಲ್ಲ, ದುಡ್ಡು ಕೊಟ್ಟರೂ ವಾಪಸ್ ಕೊಡಲು ಏನೂ ಇಲ್ಲ. ಇದು ಅವರಿಗೆ ಸಮಾಧಾನ ಕೊಟ್ಟಿತು. ಆದರೆ ಅದೇ ಗ್ರಾಫ್ ಇನ್ನೊಂದು ಮಾತನ್ನೂ ಹೇಳುತ್ತಿತ್ತು. ರೈತರ ಹೆಸರು, ಮೊಬೈಲ್ ನಂಬರ್, ಬ್ಯಾಂಕ್ ಖಾತೆ ಇರುವ ಟೇಬಲ್ ಒಂದು ಎಂಬಿಯೂ ಇರಲಿಲ್ಲ. ಅದು ಹೋಗಿರಬಹುದು.

ರೈತರಿಗೆ ಹೇಳಬೇಕು ಅಂದೆ. ಮಾಲಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೇಳಿದ್ರ ನಂಬಿಕಿ ಹೋಗ್ತೈತ್ರಿ. ಮುಂದಿನ ವರ್ಷ ಮಾಲು ಬ್ಯಾರೆ ಕಡೆ ಒಯ್ತಾರ." ಅವರ ಹೆದರಿಕೆ ನನಗೂ ಅರ್ಥ ಆಗ್ತಿತ್ತು. ಆದರೆ ನಾಳೆ ಯಾರೋ ಫೋನ್ ಮಾಡಿ, ಲಾಟ್ ನಂಬರ್ ಸಮೇತ ಹೇಳಿ, ನಿಮ್ಮ ಮಣೂಕದ ರೊಕ್ಕ ಹಾಕ್ತೀವಿ, ಓಟಿಪಿ ಹೇಳಿ ಅಂದರೆ, ಯಾವ ರೈತ ಅನುಮಾನ ಪಡ್ತಾನೆ? ಅದನ್ನೇ ಹೇಳಿದೆ. ಮಧ್ಯಾಹ್ನದೊಳಗೆ ಎಲ್ಲರಿಗೂ ಮೆಸೇಜ್ ಹೋಯಿತು, ಗೇಟಿಗೆ ದೊಡ್ಡ ಅಕ್ಷರದ ಬೋರ್ಡ್ ಬಂತು. ಮೋಸ ಆದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತಲೂ ಬರೆಸಿದೆವು. ಯಾರೂ ಮಾಲು ಬಿಡಿಸಿಕೊಂಡು ಹೋಗಲಿಲ್ಲ.

ಇನ್ನೊಂದು ಕೆಲಸ ಬಹಳ ಜನರಿಗೆ ಗೊತ್ತೇ ಇರೋದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಸೂಚನೆ ಪ್ರಕಾರ, ಇಂಥ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು. ಹನ್ನೊಂದೂವರೆಗೆ ಇಮೇಲ್ ಕಳಿಸಿದೆವು. ಸೈಬರ್ ಅಪರಾಧ ನೋಡುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಟ್ಟೆವು.

20 ಬೈಟಿನ ಬ್ಯಾಕಪ್

ಬ್ಯಾಕಪ್ ಇದೆಯಾ ಅಂದಾಗ ಹುಡುಗ ಧೈರ್ಯವಾಗಿ ಇದೆ ಅಂದಿದ್ದ. ದಿನಾ ರಾತ್ರಿ ಎರಡಕ್ಕೆ ಡಂಪ್, ಅಂದರೆ ಡೇಟಾಬೇಸಿನ ಪೂರ್ತಿ ನಕಲು, ಆಗುತ್ತೆ, ಗಾತ್ರ ಕುಗ್ಗಿಸುವ ಜಿಜಿಪ್ ಆಗಿ ಫೋಲ್ಡರಿಗೆ ಬೀಳುತ್ತೆ. ಫೋಲ್ಡರ್ ತೆಗೆದೆ. ಒಂದು ದಿನವೂ ತಪ್ಪದೆ ಫೈಲ್ ಇದ್ದವು. ಗಾತ್ರದ ಕಾಲಂ ನೋಡಿದಾಗ ಎದೆ ಧಸಕ್ ಅಂತು. ಏಪ್ರಿಲ್ 2ರಿಂದ 14ರವರೆಗೆ ಪ್ರತಿ ಫೈಲೂ 20 ಬೈಟ್. ಏನೂ ಇಲ್ಲದ್ದನ್ನು ಜಿಜಿಪ್ ಮಾಡಿದರೆ ಬರೋ ಗಾತ್ರ ಅದು.

ಕಾರಣ ಮತ್ತೆ ಅದೇ ಏಪ್ರಿಲ್ 1. ಉಬುಂಟುವಿನಲ್ಲಿ ಮೈಎಸ್‌ಕ್ಯುಎಲ್ ಹಾಕಿದಾಗ ರೂಟ್ ಖಾತೆಗೆ ಪಾಸ್‌ವರ್ಡ್ ಇರೋದಿಲ್ಲ. ಯಂತ್ರದ ರೂಟ್ ಆಗಿ ಬಂದವನನ್ನು ಸಾಕೆಟ್ (ಯಂತ್ರದ ಒಳಗಿನ ದಾರಿ) ಮೂಲಕ ಗುರುತಿಸಿ ಒಳಗೆ ಬಿಡುತ್ತದೆ. ಬ್ಯಾಕಪ್ ಸ್ಕ್ರಿಪ್ಟ್ ಹಾಗೇ ನಡೆಯುತ್ತಿತ್ತು. ಎರಡೂ ಕಡೆ ಒಂದೇ ಪಾಸ್‌ವರ್ಡ್ ಇರಲಿ ಅಂತ ಹುಡುಗ ಒಳಗಿನ ರೂಟ್ ಖಾತೆಗೂ ಪಾಸ್‌ವರ್ಡ್ ಹಾಕಿದ. ಅವತ್ತು ರಾತ್ರಿಯಿಂದ ಡಂಪ್‌ಗೆ ಒಳಗೆ ಹೋಗಲು ಆಗಲಿಲ್ಲ. ತಪ್ಪಿನ ಸಂದೇಶ ಹೋಗಿದ್ದು ಯಾರೂ ತೆಗೆಯದ ಒಂದು ಮೇಲ್‌ಬಾಕ್ಸಿಗೆ. ಬಾಗಿಲು ತೆರೆದ ಕೈಯೇ ತಿಳಿಯದೆ ಬ್ಯಾಕಪ್ಪನ್ನೂ ನಿಲ್ಲಿಸಿತ್ತು.

ಕೈಯಲ್ಲಿ ಉಳಿದದ್ದು ಏಪ್ರಿಲ್ 1ರ ಬೆಳಗಿನ ಜಾವ ಎರಡು ಗಂಟೆಯ ಡಂಪ್. ಅಲ್ಲಿಂದ ಹದಿಮೂರು ದಿನ, ಅದೂ ಸುಗ್ಗಿಯ ಹದಿಮೂರು ದಿನ, ಖಾಲಿ.

ಆಗ ಕೈ ಹಿಡಿದದ್ದು ಬೈನರಿ ಲಾಗ್. ಮೈಎಸ್‌ಕ್ಯುಎಲ್ 8.0ರಲ್ಲಿ ಇದು ತಾನಾಗೇ ಚಾಲೂ ಇರುತ್ತದೆ. ಡೇಟಾಬೇಸಿನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಸಾಲಾಗಿ ಬರೆದಿಡುತ್ತದೆ, 30 ದಿನ ಇಟ್ಟುಕೊಳ್ಳುತ್ತದೆ. ಅಂಗಡಿಯ ರೋಜು ಕೀರ್ದಿ ಇದ್ದ ಹಾಗೆ: ಖಾತೆ ಪುಸ್ತಕ ಸುಟ್ಟರೂ ಕೀರ್ದಿ ಇದ್ದರೆ ಮತ್ತೆ ಬರೆಯಬಹುದು. ದಾಳಿ ಮಾಡಿದ ಪ್ರೋಗ್ರಾಂ ಮನಸ್ಸು ಮಾಡಿದ್ದರೆ ಅದನ್ನೂ ಅಳಿಸಬಹುದಿತ್ತು, ರೂಟ್ ಆಗಿತ್ತಲ್ಲ. ಅಳಿಸಿರಲಿಲ್ಲ.

ಬೇರೆ ಒಂದು ಯಂತ್ರದಲ್ಲಿ ಏಪ್ರಿಲ್ 1ರ ಡಂಪ್ ಹಾಕಿದೆ. ಇನ್ನು ಬೈನರಿ ಲಾಗನ್ನು ಆ ಹೊತ್ತಿನಿಂದ ಓಡಿಸಿ, ಟೇಬಲ್ ಅಳಿಸಿದ ಆಜ್ಞೆಗೆ ಒಂದು ಹೆಜ್ಜೆ ಮೊದಲು ನಿಲ್ಲಿಸಬೇಕು. ಡ್ರಾಪ್ ಆಜ್ಞೆ ಹುಡುಕಿದೆ. ಸಿಕ್ಕಿತು, ಆದರೆ ತಾರೀಕು ಏಪ್ರಿಲ್ 13, 21:42. ಹದಿಮೂರರ ರಾತ್ರಿ ಒಂಬತ್ತೂ ಮುಕ್ಕಾಲು? ಮ್ಯಾನೇಜರ್ ಹತ್ತೂವರೆಗೆ ಕೊನೇ ಲೋಡ್ ಎಂಟ್ರಿ ಮಾಡಿ ಮನೆಗೆ ಹೋದೆ ಅಂತ ಆಣೆ ಮಾಡಿ ಹೇಳುತ್ತಿದ್ದರು. ಐದು ನಿಮಿಷ ಗೊಂದಲ. ಆಮೇಲೆ ಹೊಳೆಯಿತು: ಸರ್ವರ್ ಗಡಿಯಾರ ಯುಟಿಸಿ ಅನ್ನೋ ಜಾಗತಿಕ ಸಮಯದಲ್ಲಿ ಇತ್ತು. ಐದೂವರೆ ತಾಸು ಕೂಡಿಸಿದರೆ ಏಪ್ರಿಲ್ 14ರ ಬೆಳಗಿನ ಜಾವ 3:12. ಮ್ಯಾನೇಜರ್ ಹೇಳಿದ್ದು ಸರಿ ಇತ್ತು. ಗಡಿಯಾರದ ಸಮಯ ನಂಬಿ ಎಲ್ಲಿ ನಿಲ್ಲಿಸಬೇಕು ಅಂತ ಹೇಳಿದರೆ ಹೀಗೆ ಎಡವೋದು ಸಹಜ. ಹಾಗಾಗಿ ಕೊನೆಯ ಗಡಿಯನ್ನು ಸಮಯದಿಂದ ಹೇಳದೆ, ಲಾಗಿನಲ್ಲಿ ಆ ಆಜ್ಞೆ ಇರುವ ಪೊಸಿಷನ್ ನಂಬರಿನಿಂದ ಹೇಳಿದೆ. ಶುರುವಿಗೆ ಮಾತ್ರ ಸಮಯವೇ ಸಾಕಾಯಿತು, ರಾತ್ರಿ ಎರಡಕ್ಕೆ ಯಾರೂ ಏನೂ ಬರೆದಿರಲಿಲ್ಲ.

ಸಂಜೆ ಆರಕ್ಕೆ ಟೇಬಲ್‌ಗಳೆಲ್ಲ ವಾಪಸ್ ಬಂದವು. ಹುಡುಗ ಪಕ್ಕದಲ್ಲೇ ಕೂತಿದ್ದ, ಮಧ್ಯಾಹ್ನ ಊಟ ಸಹ ಮಾಡಿರಲಿಲ್ಲ.

ಆದರೆ ಖಾತೆಗಳ ಪಟ್ಟಿ ತೆಗೆದರೆ, ಎಲ್ಲಿಂದಲೂ ಬರಬಲ್ಲ ಆ ರೂಟ್ ಖಾತೆ ಈ ಹೊಸ ಯಂತ್ರದಲ್ಲೂ ಎದ್ದು ಕೂತಿತ್ತು. ಏಪ್ರಿಲ್ 1ರಂದು ಖಾತೆ ಮಾಡಿದ್ದೂ ಬೈನರಿ ಲಾಗಿನಲ್ಲಿ ಬರೆದಿತ್ತಲ್ಲ, ಲಾಗ್ ಓಡಿಸಿದಾಗ ಅದೂ ಮರುಕಳಿಸಿತು. ಹೀಗೆ ಲಾಗ್ ಓಡಿಸುವವರು ಇದನ್ನು ನೆನಪಿಡಬೇಕು. ಆ ಯಂತ್ರದ ಬಾಗಿಲುಗಳೆಲ್ಲ ಮುಚ್ಚಿದ್ದರಿಂದ ಅಪಾಯ ಆಗಲಿಲ್ಲ. ಅಲ್ಲಿಂದ ರೈತರ ಡೇಟಾಬೇಸ್ ಒಂದನ್ನೇ ಡಂಪ್ ತೆಗೆದೆವು, ಖಾತೆಗಳನ್ನು ಅಲ್ಲೇ ಬಿಟ್ಟೆವು.

ಟೇಬಲ್ ಬಂದರೆ ಲೆಕ್ಕ ಬಂತು ಅಂತ ಅಲ್ಲ. ಮರುದಿನ ಚೇಂಬರಿಗೆ ಹೋಗಿ, ಥಂಡಿಯಲ್ಲಿ ಶಾಲು ಹೊದ್ದುಕೊಂಡು, ಥಪ್ಪಿಗಳಿಗೆ ಅಂಟಿಸಿದ ಚೀಟಿ ನೋಡುತ್ತಾ ನಲವತ್ತು ಲಾಟ್ ತಾಳೆ ಹಾಕಿದೆವು. ಒಬ್ಬ ಅಜ್ಜ ಪಾವತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ತಂದಿದ್ದರು. ಅದರಲ್ಲಿ 212 ಬಾಕ್ಸ್, ಕಂಪ್ಯೂಟರಿನಲ್ಲಿ 180. ಎಲ್ಲರೂ ಮುಖ ಮುಖ ನೋಡಿಕೊಂಡೆವು. ಅಜ್ಜನೇ ನಕ್ಕರು: "ಒಂಬತ್ತನೇ ತಾರೀಖಿಗೆ ಮೂವತ್ತೆರಡು ಒಯ್ದೀನಲ್ಲಪಾ." ಗೇಟ್ ಪಾಸ್ ತೆಗೆದರೆ ಏಪ್ರಿಲ್ 9, 32 ಬಾಕ್ಸ್.

ಹೊಸ ಸರ್ವರ್, ಹೊಸ ದಾರಿ

ಹಳೇ ಸರ್ವರನ್ನು ತೊಳೆದು ಬಳಸೋದು ಬೇಡ ಅಂದೆ. ಡೇಟಾಬೇಸಿನ ರೂಟ್ ಆದವನು ಯಂತ್ರದೊಳಗೆ ಇನ್ನೇನು ಬಿಟ್ಟು ಹೋಗಿದ್ದಾನೆ ಅಂತ ಪೂರ್ತಿ ಖಾತ್ರಿ ಮಾಡಿಕೊಳ್ಳಲು ಆಗುವುದಿಲ್ಲ. ಉಬುಂಟು 24.04 ಹಾಕಿ ಹೊಸದಾಗಿ ಕಟ್ಟಿದೆವು. ದೂರದಿಂದ ಸರ್ವರಿನೊಳಗೆ ಹೋಗೋದು ಎಸ್‌ಎಸ್‌ಎಚ್ ಕೀಲಿ ಫೈಲಿನಿಂದ ಮಾತ್ರ, ಪಾಸ್‌ವರ್ಡ್ ಲಾಗಿನ್ ಬಂದ್. ಹೊರಗೆ ತೆರೆದದ್ದು ಎಸ್‌ಎಸ್‌ಎಚ್‌ಗೆ 22, ಸೈಟಿಗೆ 80, 443, ಅಷ್ಟೇ. ಉಬುಂಟುವಿನ ಫೈರ್‌ವಾಲ್ ಯುಎಫ್‌ಡಬ್ಲ್ಯು ಚಾಲೂ ಮಾಡುವ ಮೊದಲು 22ಕ್ಕೆ ಅನುಮತಿ ಕೊಡಬೇಕು, ಇಲ್ಲವಾದರೆ ನಮ್ಮ ಮನೆಗೆ ನಾವೇ ಹೊರಗಿನಿಂದ ಬೀಗ ಹಾಕಿಕೊಂಡ ಹಾಗೆ. ಸೈಟಿನ ಎಚ್‌ಟಿಟಿಪಿಎಸ್‌ಗೆ ಬೇಕಾದ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ ಸರ್ಟ್‌ಬಾಟ್ ಪ್ರೋಗ್ರಾಂನಿಂದ ತಾನೇ ನವೀಕರಣ ಆಗುತ್ತೆ. ಮೈಎಸ್‌ಕ್ಯುಎಲ್ ಬೈಂಡ್ ಅಡ್ರೆಸ್ 127.0.0.1, ಅಂದರೆ ಅದೇ ಯಂತ್ರದ ಒಳಗಿನ ವಿಳಾಸ. ಇನ್ನು ಫೈರ್‌ವಾಲ್ ಯಾರಾದರೂ ತೆಗೆದರೂ ಡೇಟಾಬೇಸ್ ಹೊರಗಿನ ದನಿಗೆ ಓಗೊಡೋದಿಲ್ಲ.

ಕ್ಲೌಡ್ ಕಂಪನಿಯವರೇ ನೋಡಿಕೊಳ್ಳುವ ಮ್ಯಾನೇಜ್ಡ್ ಡೇಟಾಬೇಸ್ ತಗೊಳ್ಳೋಣವಾ ಅನ್ನೋ ಮಾತು ಬಂತು. ಬ್ಯಾಕಪ್ ತಲೆನೋವು ಕಡಿಮೆ ಆಗುತ್ತಿತ್ತು. ಆದರೆ ತಿಂಗಳ ಖರ್ಚು ಸರ್ವರಿಗಿಂತ ಜಾಸ್ತಿ, ಮತ್ತು ಅಲ್ಲೂ ಯಾರನ್ನು ಎಲ್ಲಿಂದ ಬಿಡಬೇಕು ಅನ್ನೋ ಪ್ರಶ್ನೆ ಹಾಗೇ ಇರುತ್ತದೆ. ಬೇಡ ಅಂದೆವು.

ಖಾತೆಗಳಿಗೆ ನಾನು ಜಾಸ್ತಿ ಹೊತ್ತು ಕೊಟ್ಟೆ. ಹಳೇ ಸರ್ವರಿನಲ್ಲಿ ಸೈಟ್ ಸಹ ಎಲ್ಲ ಅಧಿಕಾರ ಇರುವ ಖಾತೆಯಿಂದ ಓಡುತ್ತಿತ್ತು. ಈಗ ಸೈಟಿನ ಖಾತೆಗೆ ಆ ಒಂದೇ ಡೇಟಾಬೇಸಿನಲ್ಲಿ ಓದುವ, ಸೇರಿಸುವ, ತಿದ್ದುವ ಅಧಿಕಾರ ಮಾತ್ರ. ಟೇಬಲ್ ಅಳಿಸುವುದಂತೂ ದೂರ, ಪಾವತಿಯ ಒಂದು ಸಾಲನ್ನೂ ಅದು ಅಳಿಸಲಾರದು. ರದ್ದಾದರೆ ರದ್ದು ಅಂತ ಗುರುತು ಹಾಕಬೇಕು, ಪಾವತಿ ಪುಸ್ತಕದಲ್ಲಿ ಅಡ್ಡಗೆರೆ ಎಳೆದ ಹಾಗೆ. ಟೇಬಲ್ ರಚನೆ ಬದಲಿಸಲು ಬೇರೆ ಖಾತೆ, ಹೊಸ ಆವೃತ್ತಿ ಹಾಕುವ ದಿನ ಮಾತ್ರ ಬಳಕೆ. ಬ್ಯಾಕಪ್‌ಗೆ ಇನ್ನೊಂದು. ಒಂದು ವಿಷಯ ಇಲ್ಲಿ ಹೇಳಬೇಕು: ಮೈಎಸ್‌ಕ್ಯುಎಲ್‌ಗೆ ಹೆಸರು ಒಂದೇ ಆದರೂ ಲೋಕಲ್‌ಹೋಸ್ಟ್‌ನಿಂದ, ಅಂದರೆ ಅದೇ ಯಂತ್ರದಿಂದ, ಬರುವವನೂ ಎಲ್ಲಿಂದಲೋ ಬರುವವನೂ ಬೇರೆ ಬೇರೆ ಖಾತೆ. ಒಂದನ್ನು ತೆಗೆದು ನಿಶ್ಚಿಂತೆಯಾಗಿ ಕೂತರೆ ಇನ್ನೊಂದು ಉಳಿದಿರುತ್ತದೆ. ಪಟ್ಟಿ ತೆಗೆದು ಹೆಸರಿನ ಪಕ್ಕದ ಹೋಸ್ಟ್ ಕಾಲಮ್ಮನ್ನೂ ಓದಬೇಕು.

ಇನ್ನು ಅಕ್ಕಾರ ರಿಪೋರ್ಟ್. ಅವರ ಖಾತೆಗೆ ಓದುವ ಅಧಿಕಾರ, ಅದೂ ಟೇಬಲ್ ಮೇಲಲ್ಲ, ಬೇಕಾದಷ್ಟನ್ನು ಮಾತ್ರ ತೋರಿಸುವ ಒಂದು ವ್ಯೂ ಮೇಲೆ. ಆ ವ್ಯೂನಲ್ಲಿ ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಪೂರ್ತಿ ನಂಬರ್ ಬೇಕಾ ಅಂತ ಕೇಳಿದಾಗ "ನನಗ್ಯಾಕ್ರಿ ಅದು" ಅಂದಿದ್ದರು. ಇಷ್ಟು ದಿನ ದಿನಾ ಅದು ಅವರ ಎಕ್ಸೆಲ್‌ಗೆ ಸುಮ್ನೆ ಬಂದು ಬೀಳುತ್ತಿತ್ತು.

ದಾರಿ ಎಸ್‌ಎಸ್‌ಎಚ್ ಟನಲ್, ಸರ್ವರಿನವರೆಗೆ ಬೀಗ ಹಾಕಿದ ಸುರಂಗ ಇದ್ದ ಹಾಗೆ. 2018ರ ನಂತರದ ವಿಂಡೋಸ್ 10 ಆವೃತ್ತಿಗಳಲ್ಲಿ ಅದಕ್ಕೆ ಬೇಕಾದ ಓಪನ್‌ಎಸ್‌ಎಸ್‌ಎಚ್ ಕ್ಲೈಂಟ್ ಮೊದಲೇ ಇರುತ್ತದೆ. ಅಕ್ಕಾರ ಡೆಸ್ಕ್‌ಟಾಪ್ ಮೇಲೆ ‘ಮಣೂಕ ರಿಪೋರ್ಟ್’ ಅಂತ ಒಂದು ಐಕಾನ್ ಇಟ್ಟೆವು. ಅದನ್ನು ಒತ್ತಿದರೆ ಟನಲ್ ತೆರೆಯುತ್ತದೆ, ಎಕ್ಸೆಲ್ ತನ್ನದೇ ಯಂತ್ರದ 3307ಕ್ಕೆ ಹೋಗುತ್ತದೆ, ಅಲ್ಲಿಂದ ಸರ್ವರಿನ ಒಳಗಿನ 3306ಕ್ಕೆ. 3307 ಯಾಕೆ ಅಂದರೆ, ಆ ಕಂಪ್ಯೂಟರಿನಲ್ಲಿ ಯಾವಾಗಲೋ ಹಾಕಿದ ಕ್ಸ್ಯಾಂಪ್ (ಅದರೊಳಗೂ ಒಂದು ಡೇಟಾಬೇಸ್ ಇರುತ್ತದೆ) 3306 ಹಿಡಿದುಕೊಂಡು ಕೂತಿತ್ತು. ಟನಲ್ ಬಳಸುವ ಖಾತೆಗೆ ಸರ್ವರಿನಲ್ಲಿ ಬೇರೆ ಏನೂ ಮಾಡಲು ಬರುವುದಿಲ್ಲ. ಕೀಲಿಯ ಸಾಲಿನಲ್ಲೇ ಈ ಒಂದು ಪೋರ್ಟಿಗೆ ಮಾತ್ರ ಅಂತ ಕಟ್ಟು ಹಾಕಿದೆ. ಈಗ ಗುರುತು ಹಿಡಿಯೋದು ಕೀಲಿಯಿಂದ. ಐಪಿ ದಿನಕ್ಕೆ ಹತ್ತು ಸಲ ಬದಲಾಗಲಿ.

ಮೊದಲ ದಿನ ಇದೂ ಓಡಲಿಲ್ಲ. ಪಾಸ್‌ವರ್ಡ್ ಸರಿ ಇದ್ದರೂ ಪ್ರವೇಶ ಇಲ್ಲ ಅಂತ ಬರ್ತಿತ್ತು. ಒಂದು ತಾಸು ಹೋಯಿತು. ಹೆಸರು ಹುಡುಕಬೇಡ ಅನ್ನೋ ಸೆಟ್ಟಿಂಗ್, ಸ್ಕಿಪ್ ನೇಮ್ ರಿಸಾಲ್ವ್, ಆನ್ ಇತ್ತು. ಅದು ಆನ್ ಇದ್ದರೆ 127.0.0.1ರಿಂದ ಬಂದವನು ಲೋಕಲ್‌ಹೋಸ್ಟ್ ಖಾತೆಗೆ ಹೊಂದುವುದಿಲ್ಲ. ಖಾತೆಯನ್ನು 127.0.0.1ಕ್ಕೇ ಮಾಡಿದೆ, ಬಂತು.

ಬ್ಯಾಕಪ್ ಈಗ ಬೇರೆ ಸ್ಟೋರೇಜಿಗೆ ಹೋಗುತ್ತದೆ. ಸರ್ವರಿನ ಕೀಲಿಗೆ ಅಲ್ಲಿ ಬರೆಯಲು ಬರುತ್ತದೆ, ಅಳಿಸಲು ಬರುವುದಿಲ್ಲ. ಬೈನರಿ ಲಾಗೂ ತಾಸಿಗೊಮ್ಮೆ ಅಲ್ಲಿಗೆ. ಫೈಲ್ ನಿನ್ನೆಯದಕ್ಕಿಂತ ತೀರಾ ಚಿಕ್ಕದಾದರೆ ಮ್ಯಾನೇಜರ್ ಮೊಬೈಲಿಗೆ ಮೆಸೇಜ್. ತಿಂಗಳ ಮೊದಲ ರವಿವಾರ ಹುಡುಗ ಒಂದು ಡಂಪ್ ತೆಗೆದು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ, ಒಟ್ಟು ಬಾಕ್ಸ್ ಎಣಿಕೆಯನ್ನು ಮ್ಯಾನೇಜರಿಗೆ ಹೇಳುತ್ತಾನೆ. ಇದನ್ನು ಅವನೇ ಕೇಳಿ ಹೊತ್ತುಕೊಂಡ ಕೆಲಸ.

ಜುಲೈನಲ್ಲಿ ಅಕ್ಕಾರು ಬಾಗಲಕೋಟೆಯಲ್ಲಿ ಬೇರೆ ಕೆಲಸ ಸಿಕ್ಕಿ ಹೋದರು. ಅವರು ಹೊರಟ ದಿನ ಸಂಜೆ ಹುಡುಗ ಫೋನ್ ಮಾಡಿದ. ಕೀಲಿ ಪಟ್ಟಿಯಲ್ಲಿ ಅವರ ಸಾಲು ತೆಗೆದೆ, ಡೇಟಾಬೇಸ್ ಖಾತೆಯನ್ನೂ ತೆಗೆದೆ, ಹೋಸ್ಟ್ ಕಾಲಂ ಎರಡು ಸಲ ನೋಡಿದೆ, ಹೊಸದಾಗಿ ಬಂದ ತಂಗಿಗೆ ಬೇರೆ ಕೀಲಿ ಮಾಡಿಕೊಟ್ಟೆ ಅಂದ. ಎಷ್ಟು ಹೊತ್ತು ಹಿಡಿಯಿತು ತಮ್ಮಾ ಅಂತ ಕೇಳಿದೆ.

"ಚಾ ಆರೂದ್ರಾಗ ಮುಗೀತ್ರಿ."